ಉತ್ತರ ಕೊಡದವರನ್ನೂ ಎಣಿಸಿ: ವಿದ್ಯಾರ್ಥಿ ಸಮೀಕ್ಷೆ ಓದುವುದು ಹೀಗೆ

‘ಅರ್ಧದಷ್ಟು ಕಾಲೇಜು ವಿದ್ಯಾರ್ಥಿಗಳಿಗೆ ನಿದ್ದೆಯೇ ಇಲ್ಲ’ ಎಂಬಂಥ ಸುದ್ದಿ ಬಂದರೆ ಸಾಕು, ಜನ ಶೇಕಡಾ ಎಷ್ಟು ಅಂತ ನೋಡಿ ಮುಂದಕ್ಕೆ ಕಳಿಸಿಬಿಡುತ್ತಾರೆ. ಚೆನ್ನಾಗಿ ಓದಿದವರೂ ಹೀಗೆ ಮಾಡುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಪೆನ್ನು, ಕಾಗದ ಇಟ್ಟುಕೊಳ್ಳಿ.

ಮೊದಲು ಮೂಲ ವರದಿ ಹುಡುಕಿ. ಸಿಗಲಿಲ್ಲವೇ? ಸುದ್ದಿಯನ್ನು ಅಲ್ಲಿಗೇ ಬಿಡಿ.

ಹೆಚ್ಚಿನವರು ಎಡವುವುದು ಎರಡನೇ ಹಂತದಲ್ಲಿ. ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಉತ್ತರಿಸಿದರು, ಎರಡನ್ನೂ ಬರೆದುಕೊಳ್ಳಿ. 10,000 ವಿದ್ಯಾರ್ಥಿಗಳಿಗೆ ಇಮೇಲ್ ಹೋಯಿತು, 600 ಮಂದಿ ಉತ್ತರಿಸಿದರು, ಅವರಲ್ಲಿ 300 ಮಂದಿ ‘ಹೌದು’ ಅಂದರು ಎಂದುಕೊಳ್ಳೋಣ. ಸುದ್ದಿಯಲ್ಲಿ ಇದು ಶೇ 50 ಆಗುತ್ತದೆ. ಈಗ ಸುಮ್ಮನಿದ್ದ 9,400 ಮಂದಿಯನ್ನು ಲೆಕ್ಕಕ್ಕೆ ತನ್ನಿ. ಅವರೆಲ್ಲ ‘ಇಲ್ಲ’ ಅನ್ನುವವರಾದರೆ ನಿಜವಾದ ಅಂಕಿ ಶೇ 3. ಎಲ್ಲರೂ ‘ಹೌದು’ ಅನ್ನುವವರಾದರೆ ಶೇ 97. ಎರಡೂ ಆಗಲಿಕ್ಕಿಲ್ಲ, ನಿಜ. ಆದರೆ ನಡುವೆ ಎಲ್ಲಿದೆ ಎಂದು ಆ 600 ಉತ್ತರಗಳಿಂದಷ್ಟೇ ತಿಳಿಯುವುದಿಲ್ಲ. ನಿದ್ದೆಗೆಟ್ಟವರಿಗೇ ಅದನ್ನು ಹೇಳಿಕೊಳ್ಳುವ ಆಸೆ ಜಾಸ್ತಿ, ಅಲ್ವಾ? ನೆಮ್ಮದಿಯಾಗಿ ಮಲಗುವವರು ಆ ಇಮೇಲನ್ನು ತೆರೆದೂ ನೋಡಿರಲಿಕ್ಕಿಲ್ಲ.

‘ಶೇ 4ರಷ್ಟು ಹೆಚ್ಚು ಕಡಿಮೆ ಇರಬಹುದು’ ಎಂಬ ಸಾಲು ವರದಿಯಲ್ಲಿದ್ದರೆ ಸಮಾಧಾನ ಪಡಬೇಡಿ. ಚೀಟಿ ಎತ್ತಿದ ಹಾಗೆ ಆರಿಸಿ, ಆರಿಸಿದವರೆಲ್ಲ ಉತ್ತರ ಕೊಟ್ಟಾಗ ಮಾತ್ರ ಆ ಲೆಕ್ಕ ಸರಿ. ಸಂಖ್ಯೆ ದೊಡ್ಡದಿದ್ದರೆ ಸಾಕು ಅನ್ನುವವರು 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ನೋಡಲಿ. ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅದನ್ನು ನೋಡಿ ಪತ್ರಿಕೆ, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ಎದುರಾಳಿ ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ.

ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಓದಿ. ‘ಕಳೆದ ವರ್ಷ ಒಮ್ಮೆಯಾದರೂ’ ಎಂದು ಕೇಳಿ, ತಲೆಬರಹದಲ್ಲಿ ‘ನಿದ್ದೆಯೇ ಇಲ್ಲ’ ಅಂದಿರುತ್ತಾರೆ.

ಎಲ್ಲಿ ಕುಳಿತು ತುಂಬಿಸಿದರು ಎಂಬುದೂ ಮುಖ್ಯ. ಮೇಷ್ಟ್ರು ಎದುರಿಗೆ ನಿಂತಿರುವಾಗ ನಕಲು ಮಾಡಿದ್ದನ್ನು ಯಾರು ಒಪ್ಪಿಕೊಳ್ಳುತ್ತಾರೆ? ತರಗತಿಗೆ ಚಕ್ಕರ್ ಹೊಡೆಯುವವರ ಬಗ್ಗೆ ತರಗತಿಯಲ್ಲೇ ಕೇಳಿದರೆ, ಅವರೇ ಅಲ್ಲಿರುವುದಿಲ್ಲ. ಬೇಗ ಮುಗಿಸಲು ಓದದೆ ಟಿಕ್ ಹಾಕುವವರೂ ಇರುತ್ತಾರೆ. ಅವರನ್ನು ಹಿಡಿಯಲು ‘ಇಲ್ಲಿ ಮೂರನೆಯದನ್ನೇ ಗುರುತಿಸಿ’ ಎಂಬಂಥ ಪ್ರಶ್ನೆ ಇಟ್ಟಿದ್ದಾರಾ ನೋಡಿ.

ಗ್ರೂಪುಗಳಲ್ಲಿ ಹರಿದಾಡುವ ಆನ್‌ಲೈನ್ ಫಾರಂಗಳನ್ನು ನಾನಂತೂ ಲೆಕ್ಕಕ್ಕೇ ಇಡುವುದಿಲ್ಲ. ಕಾಲೇಜಿಗೆ ಸೇರದವರೂ ತುಂಬಬಹುದು, ಒಬ್ಬರೇ ನಾಲ್ಕು ಸಲವೂ ತುಂಬಬಹುದು. ನೀವೇ ಸಮೀಕ್ಷೆ ಮಾಡುವುದಾದರೆ ಹಾಜರಿ ಪುಸ್ತಕದಿಂದ ಚೀಟಿ ಎತ್ತಿ 100 ಹೆಸರು ಆರಿಸಿ. ಉತ್ತರ ಕೊಡದವರಿಗೆ ಎರಡು ಸಲ, ಮೂರು ಸಲ ನೆನಪಿಸಿ. ಆಮೇಲೂ ಎಷ್ಟು ಮಂದಿ ಉಳಿದರು ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ.