ಎಫ್ ಕಾರ್ಡನ್ನು ಕೊನೆಗಿಟ್ಟೆ, ಗಿಟಾರ್ ಕೈಗೆ ಬಂತು

ಮೊದಲು ಬಲಗೈ, ಆಮೇಲೆ ಎಡಗೈ. ಮನೆಯಲ್ಲೇ ಗಿಟಾರ್ ಕಲಿಯಲು ನಾನು ಹಿಡಿದ ಕ್ರಮ ಇದು. ಬ್ಯಾಂಡಿನಲ್ಲಿ ನುಡಿಸುವ ಗೆಳೆಯರು, "ಹಾಗೆಲ್ಲ ಬರಲ್ಲ ಬಿಡು" ಅಂದಿದ್ದರು. ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯಲ್ಲಿ ನಾಲ್ಕು ಹಾಡಿಗೆ ನಾನೇ ನುಡಿಸಿದೆ. ಎಲ್ಲೂ ತಾಳ ತಪ್ಪಲಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ದುಡ್ಡು ಸಾಕಷ್ಟು ಹೋಗಿತ್ತು. ಒಂದು ಕ್ಲಾಸಿಗೆ ತಿಂಗಳಿಗೆ ಸುಮಾರು 1,500 ರೂಪಾಯಿ ಕಟ್ಟಿ ಮೂರ್ನಾಲ್ಕು ತಿಂಗಳು ಹೋದೆ. ಬರೀ ಒಂದು-ಎರಡು-ಮೂರು-ನಾಲ್ಕು ಬೆರಳಿನ ಕಸರತ್ತು, ಜೊತೆಗೆ ನೊಟೇಶನ್. ಹಾಡು ಒಂದೂ ಇಲ್ಲ. ಆಮೇಲೆ 4,000 ರೂಪಾಯಿ ಆಸುಪಾಸಿನ ವಿಡಿಯೊ ಕೋರ್ಸ್ ತಗೊಂಡೆ. ಅದರಲ್ಲಿ ಮೂರನೇ ಪಾಠಕ್ಕೇ ಎಫ್ ಕಾರ್ಡ್! ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಎಫ್‌ಗೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಬೇಕು. ತಂತಿ ಗುರ್ ಅನ್ನುತ್ತಿತ್ತು, ತೋರುಬೆರಳು ಉರಿಯುತ್ತಿತ್ತು. ಕೇಳಿದರೆ "ಪ್ರಾಕ್ಟೀಸ್ ಸಾಲದು" ಅನ್ನುವ ಒಂದೇ ಉತ್ತರ.

ಅರ್ಧ ತೊಂದರೆ ಗಿಟಾರಿನದೇ ಆಗಿತ್ತು. 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಅಳೆದರೆ ಫ್ರೆಟ್ಟಿಗೂ ದಪ್ಪ ತಂತಿಗೂ ನಡುವೆ ಹೆಚ್ಚುಕಮ್ಮಿ 4 ಮಿ.ಮೀ. ಇತ್ತು. 600 ರೂಪಾಯಿ ಕೊಟ್ಟು ಸ್ಯಾಡಲ್ (ಕೆಳತುದಿಯಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಉಜ್ಜಿಸಿ 2.5ಕ್ಕೆ ಇಳಿಸಿದೆ. ಅತಿ ಸಣ್ಣ ತಂತಿ 0.012 ಇಂಚು ದಪ್ಪ ಇರುವ ಸೆಟ್ ತೆಗೆದು, ಇನ್ನೂ ತೆಳುವಾದ 0.011 ಹಾಕಿದೆ. ಕ್ಲಾಸಿಗೆ ಸೇರುವ ಮುಂಚೆ ಮಾಡಿಸಬೇಕಾದ ಕೆಲಸ ಇದು, ಆದರೆ ಯಾರೂ ಹೇಳುವುದಿಲ್ಲ.

ಇನ್ನು ಬಲಗೈ. ಎರಡು ಮೂರು ವಾರ ಒಂದೂ ಕಾರ್ಡ್ ಹಿಡಿಯಲಿಲ್ಲ. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ ಸದ್ದು ಸಾಯಿಸಿ, ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಸುಮ್ನೆ ಕೆಳಗೆ-ಮೇಲೆ ಹೊಡೆದೆ. ಹೊಡೆತ ಬಿಟ್ಟರೂ ಕೈ ನಿಲ್ಲಬಾರದು, ಗಾಳಿಯಲ್ಲಾದರೂ ಆಡುತ್ತಿರಬೇಕು. ನಾಲ್ಕರ ಎಣಿಕೆ ಕೂತ ಮೇಲೆ ಆರರ ಎಣಿಕೆ. ಇದನ್ನು ಯಾರೂ ಬಿಡಬೇಡಿ. ನಮ್ಮ ಭಾವಗೀತೆ, ಹಳೆಯ ಸಿನಿಮಾ ಹಾಡುಗಳಲ್ಲಿ ಆರರ ನಡೆ ಜಾಸ್ತಿ. ಎಲ್ಲರೂ ಕಲಿಸುವ ಆ ಡೌನ್-ಡೌನ್-ಅಪ್-ಅಪ್-ಡೌನ್-ಅಪ್ ಅಲ್ಲಿ ಕೂರುವುದೇ ಇಲ್ಲ.

ಎಡಗೈಗೆ ಕಾರ್ಡುಗಳನ್ನು ಜೋಡಿಯಾಗಿ ತಗೊಂಡೆ. ಮೊದಲು ಇ ಮೇಜರ್, ಎ ಮೈನರ್. ಎರಡಕ್ಕೂ ಬೆರಳಿನ ಆಕಾರ ಒಂದೇ, ಒಂದು ತಂತಿ ಜರುಗಿದರೆ ಆಯಿತು. ಎ ಮೈನರ್‌ನಿಂದ ಸಿ ಕಾರ್ಡಿಗೆ ಉಂಗುರ ಬೆರಳು ಮಾತ್ರ ಏಳುತ್ತದೆ. ಮೂರನೇ ತಂತಿಯ ಎರಡನೇ ಫ್ರೆಟ್ ಬಿಟ್ಟು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಹೋಗುತ್ತದೆ. ಉಳಿದೆರಡು ಬೆರಳು ಅಲ್ಲೇ ಕೂತಿರುತ್ತವೆ. ಆಮೇಲೆ ಇ ಮೈನರ್, ಜಿ, ಡಿ. ನಿಮಿಷಕ್ಕೆ ನಲವತ್ತು ಸಲ ಬದಲಿಸಲು ಬಂದ ಮೇಲೆಯೇ ಮುಂದಿನ ಜೋಡಿ. ಬಿ ಮೈನರ್ ಬೇಕಾದಾಗ ಕೇಪೊವನ್ನು (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಎರಡನೇ ಫ್ರೆಟ್ಟಿಗೆ ಹಾಕಿ ಎ ಮೈನರ್ ಹಿಡಿದೆ. "ಕೇಪೊ ಸೋಮಾರಿಗಳಿಗೆ" ಅಂದವರಿದ್ದಾರೆ. ಹಾಡು ನಿಲ್ಲಲಿಲ್ಲ, ನನಗೆ ಅದು ಮುಖ್ಯ.

ಆರೇಳು ತಿಂಗಳಾದ ಮೇಲೆ ಎಫ್‌ಗೆ ಕೈ ಹಾಕಿದೆ. ಅದೂ ಒಂದನೇ ಫ್ರೆಟ್ಟಿನಲ್ಲಲ್ಲ, ಐದನೆಯದರಲ್ಲಿ. ನಟ್ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಪಕ್ಕದಲ್ಲಿ ತಂತಿ ಒತ್ತುವುದು ತುಂಬಾ ಕಷ್ಟ, ಐದರಲ್ಲಿ ಸಲೀಸು. ಅಲ್ಲಿ ಅದೇ ಆಕಾರ ಎ ಮೇಜರ್ ಆಗುತ್ತದೆ. ಸದ್ದು ಶುದ್ಧವಾದ ಮೇಲೆ ನಾಲ್ಕು, ಮೂರು, ಎರಡು ಅಂತ ಇಳಿದು ಬಂದೆ. ಹೆಬ್ಬೆರಳಿನಿಂದ ಹಿಂಡಬೇಡಿ, ಮೊಣಕೈ ಭಾರದಿಂದ ಎಳೆಯಿರಿ. ತೋರುಬೆರಳನ್ನು ಎಷ್ಟು ಹೊರಳಿಸಿ ಇಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ.

ಸ್ಕೇಲ್ (ಸ್ವರಶ್ರೇಣಿ) ಕಲಿಯಲು ಎಲ್ಲ ತಂತಿಗಳ ಮೇಲೂ ಬೆರಳಿಡುವ ಬಾಕ್ಸ್ ಪ್ಯಾಟರ್ನ್ ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಹಾಡಿದ ಸರಳೆ ವರಸೆಯನ್ನೇ ಒಂದು ತಂತಿಯ ಮೇಲೆ ನುಡಿಸಿದೆ. ಮಾಯಾಮಾಳವಗೌಳ ರಾಗಕ್ಕೆ ಖಾಲಿ ತಂತಿ ಸ, ಆಮೇಲೆ 1, 4, 5, 7, 8, 11, 12ನೇ ಫ್ರೆಟ್. ಮೂರು ಕಾಲದಲ್ಲೂ (ವೇಗದಲ್ಲೂ) ನುಡಿಸಿದರೆ ಬೆರಳೂ ಕಿವಿಯೂ ಒಟ್ಟಿಗೆ ಪಳಗುತ್ತವೆ. ಮೋಹನಕ್ಕೆ 2, 4, 7, 9 ಸಾಕು, ಪಾಶ್ಚಾತ್ಯ ಸಂಗೀತದ ಐದು ಸ್ವರದ ಮೇಜರ್ ಪೆಂಟಟಾನಿಕ್ ಅಂದರೆ ಇದೇ ಅಲ್ವಾ? ಗಮಕಕ್ಕೆ ತಂತಿ ಎಳೆದು ನೋಡಿದೆ, 0.011ರಲ್ಲಿ ಅರ್ಧ ಸ್ವರ ದಾಟುವಷ್ಟರಲ್ಲಿ ಬೆರಳು ಸೋತಿತು. ಜಾರಿಸಿದರೆ ಚೆನ್ನಾಗಿ ಬಂತು. 0.009ರ ಸೆಟ್‌ಗೆ ಇನ್ನೊಂದು 400 ಹೋಯಿತು. ಎಳೆಯಲು ಸುಲಭ, ಆದರೆ ಸ್ಟ್ರಮ್ ಮಾಡಿದರೆ (ಎಲ್ಲ ತಂತಿ ಒಟ್ಟಿಗೆ ಹೊಡೆದರೆ) ಸದ್ದು ತೀರಾ ತೆಳು. ಈಗ 0.010 ತರಿಸಿದ್ದೇನೆ, ಈ ಭಾನುವಾರ ಹಾಕುತ್ತೇನೆ.