ಗೊರಿಲ್ಲಾ ನೋಡಲು ಉಡುಪಿಯಿಂದ ಉಗಾಂಡಾಕ್ಕೆ: ತಂಡ ಕಟ್ಟಿಕೊಂಡು ಹೊರಡುವವರಿಗೆ

ಗೊರಿಲ್ಲಾ ನೋಡಲು ಹೋಗುವವರು ವಿಮಾನದ ಟಿಕೆಟ್ ಹುಡುಕುತ್ತಾ ಕೂರಬೇಡಿ. ಮೊದಲು ಪರ್ಮಿಟ್. ಅದರಲ್ಲಿ ಒಂದು ತಾರೀಕು ಇರುತ್ತದೆ, ಆ ದಿನ ಬೆಳಿಗ್ಗೆ ಎಂಟರ ಒಳಗೆ ನೀವು ಕಾಡಿನ ಗೇಟಿನಲ್ಲಿ ಇಲ್ಲದಿದ್ದರೆ ಮುಗಿಯಿತು. ಹಾಗಾಗಿ ಆ ಬೆಳಿಗ್ಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಉಡುಪಿಯ ಮನೆ ಬಾಗಿಲಿಗೆ ಬರಬೇಕು. ನಾವು ಮನೆ ಬಾಗಿಲಿನಿಂದ ಶುರು ಮಾಡಿದೆವು, ಅದಕ್ಕೇ ಅಷ್ಟು ಪೆಟ್ಟು ತಿಂದೆವು.

ತಂಡದಲ್ಲಿ 8 ಜನ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಎಂಟೇ ಜನ ನೋಡಬಹುದು, ಅದೂ ಒಂದೇ ಗಂಟೆ. ಒಂಬತ್ತನೆಯವರು ಬಂದರೆ ಅವರು ಬೇರೆ ಗುಂಪಿನ ಜೊತೆ ಬೇರೆ ದಾರಿ ಹಿಡಿಯಬೇಕಾಗುತ್ತದೆ. 15 ವರ್ಷದ ಒಳಗಿನ ಮಕ್ಕಳನ್ನು ಬಿಡುವುದಿಲ್ಲ. ಪರ್ಮಿಟ್ ಬೆಲೆ 2024ರ ಜುಲೈಯಿಂದ ಒಬ್ಬರಿಗೆ 800 ಡಾಲರ್. ಪಕ್ಕದ ರುವಾಂಡಾದಲ್ಲಿ 1,500. ದುಡ್ಡು ಜಾಸ್ತಿ ಅಂತ ಅನಿಸುತ್ತದೆ, ಹೌದು. ಆದರೆ ಇಡೀ ಪ್ರಪಂಚದಲ್ಲಿ ಬೆಟ್ಟದ ಗೊರಿಲ್ಲಾಗಳು ಉಳಿದಿರುವುದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಅವುಗಳ ಕಾವಲಿಗೆ ಹೋಗುವ ದುಡ್ಡು ಅದು.

ಇನ್ನು ನಮಗಾದ ಅತಿ ದೊಡ್ಡ ಎಡವಟ್ಟು. ಗೊರಿಲ್ಲಾಗಳಿರುವ ಬ್ವಿಂಡಿ ಕಾಡು ಹೊರಗಿನಿಂದ ಒಂದೇ ಹೆಸರು, ಒಳಗೆ ನಾಲ್ಕು ಕಡೆ: ಬುಹೋಮ, ರುಹಿಜ, ರುಶಾಗ, ನ್ಕುರಿಂಗೊ. ಪರ್ಮಿಟ್ ಯಾವ ಕಡೆಯದೋ ಅಲ್ಲಿಗೇ ಹೋಗಬೇಕು. ನಮ್ಮ ಪರ್ಮಿಟ್ ರುಶಾಗದ್ದು, ರೂಮು ಬುಕ್ ಮಾಡಿದ್ದು ಬುಹೋಮದಲ್ಲಿ. ಉಗಾಂಡಾದ ವಿಮಾನ ನಿಲ್ದಾಣವಿರುವ ಎಂಟೆಬೆಯಿಂದ ಇಡೀ ದಿನ ಕಾರಿನಲ್ಲಿ ಕೂತು ಸಂಜೆ ಬುಹೋಮ ಮುಟ್ಟಿ, ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದಾಗ ಲಾಡ್ಜಿನ ಹುಡುಗ ಕಾಗದ ನೋಡಿ, 'ಇದು ಇಲ್ಲಿಯದಲ್ಲ' ಅಂದ. ನಕ್ಷೆಯಲ್ಲಿ ಹತ್ತಿರವೇ ಕಾಣುತ್ತದೆ, ಆದರೆ ನಡುವೆ ಬೆಟ್ಟ, ಮಣ್ಣಿನ ರಸ್ತೆ, ಗಂಟೆಗಟ್ಟಲೆ ದಾರಿ. ಡ್ರೈವರ್ ಒಳ್ಳೆಯ ಮನುಷ್ಯ, ಸರಿಯಾಗಿ ನಿದ್ದೆಯೂ ಮಾಡದೆ ನಡುರಾತ್ರಿ ಎಬ್ಬಿಸಿ ಕರೆದುಕೊಂಡು ಹೋದ. ಪರ್ಮಿಟ್ ಕೈಗೆ ಬಂದ ಮೇಲೆ, ಅದರಲ್ಲಿರುವ ಜಾಗದ ಹೆಸರು ಓದಿ, ಆಮೇಲೆ ರೂಮು ಹುಡುಕಿ.

ತಿಂಗಳ ವಿಷಯಕ್ಕೆ ಬರೋಣ, ನಮ್ಮ ಕರಾವಳಿಯವರಿಗೆ ಇದು ಮುಖ್ಯ. ಅಲ್ಲಿ ಮಳೆ ಕಡಿಮೆ ಇರುವುದು ಜೂನ್‌ನಿಂದ ಆಗಸ್ಟ್, ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿ. ಜೂನ್, ಜುಲೈ ಅಂದರೆ ನಮಗೆ ಹೊಡೆದು ಸುರಿಯುವ ಕಾಲ ಅಲ್ವಾ? ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ವಿಮಾನ ಬೆಂಗಳೂರಿಗೆ ತಿರುಗಿದರೂ ತಿರುಗಿತು. ನಮ್ಮ ಮುಂಬಯಿ ವಿಮಾನ ಮೂರೂವರೆ ಗಂಟೆ ತಡವಾಯಿತು, ಎಂಟೆಬೆ ಟಿಕೆಟ್ ಬೇರೆಯಾಗಿ ತೆಗೆದಿದ್ದರಿಂದ ಅದು ನಮಗಾಗಿ ಕಾಯಲಿಲ್ಲ. ಮರುದಿನಕ್ಕೆ ಹೊಸ ಟಿಕೆಟ್, ಎಂಟು ಜನರಿಗೆ. ಮಳೆಗಾಲದಲ್ಲಿ ಹೋಗುವುದಾದರೆ ಮುಂಬಯಿಗೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ, ಇಲ್ಲವೇ ಊರಿನಿಂದ ಎಂಟೆಬೆವರೆಗೆ ಒಂದೇ ಟಿಕೆಟ್ ಮಾಡಿಸಿ. ಡಿಸೆಂಬರ್ ಆದರೆ ಈ ತಲೆಬಿಸಿ ಇಲ್ಲ.

ಕಾಗದಪತ್ರ ಒಬ್ಬರ ಚೀಲದಲ್ಲಿ ಇಡಬೇಡಿ, ಅವರವರದು ಅವರವರ ಕೈಚೀಲದಲ್ಲಿರಲಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು, ಸರ್ಕಾರ ಒಪ್ಪಿದ ಕೇಂದ್ರದಲ್ಲೇ. ಆ ಕಾರ್ಡನ್ನು ಉಗಾಂಡಾದವರೂ ಕೇಳುತ್ತಾರೆ, ವಾಪಸು ಬರುವಾಗ ನಮ್ಮವರೂ ಕೇಳುತ್ತಾರೆ. ಇಲ್ಲದಿದ್ದರೆ ಊರಿನ ಬದಲು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇರಬೇಕಾದೀತು. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ಪರ್ಮಿಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಲಿ. ನಮ್ಮ ಕಡೆಯ ಇನಿಷಿಯಲ್ ಹೆಸರುಗಳದ್ದೇ ಗೋಳು, ಭಾವನ ಹೆಸರು ಒಂದರಲ್ಲಿ ಚಿಕ್ಕದು, ಇನ್ನೊಂದರಲ್ಲಿ ಅಪ್ಪನ ಹೆಸರೂ ಮನೆಹೆಸರೂ ಸೇರಿ ಉದ್ದ. ಡಾಲರ್ ನೋಟು ಹೊಸದಿರಲಿ, ತೀರಾ ಹಳೆಯ ನೋಟು ತೆಗೆದುಕೊಳ್ಳುವುದಿಲ್ಲ.

ಟ್ರೆಕ್ಕಿಂಗ್ ಶೂ ಹಾಕಿಕೊಂಡೇ ವಿಮಾನ ಹತ್ತಿ. ನನ್ನ ಬ್ಯಾಗ್ ಎರಡು ದಿನ ತಡವಾಗಿ ಬಂತು, ಕಾಲಿಗೆ ಶೂ ಇದ್ದದ್ದೇ ಬಚಾವ್. ಕಾಡಿನಲ್ಲಿ ಮುಟ್ಟಿದರೆ ಉರಿಯುವ ತುರಿಕೆ ಗಿಡ ಇದೆ, ತೋಟದ ಕೆಲಸದ ಗ್ಲೌಸ್ ಸಾಕು. ಒಂದೆರಡು ತಿಂಗಳು ಮೊದಲು ಕುದುರೆಮುಖ ಒಮ್ಮೆ ಹತ್ತಿ ಬನ್ನಿ. ಅದು 1,894 ಮೀಟರ್. ಬ್ವಿಂಡಿಯ ಎತ್ತರದ ಕಡೆಗಳಲ್ಲಿ 2,600 ಮೀಟರ್ ಆಗುತ್ತದೆ, ದಾರಿಯೂ ಇಲ್ಲ, ಕತ್ತಿಯಲ್ಲಿ ಕಡಿಯುತ್ತಾ ಹೋಗುತ್ತಾರೆ. ಚೀಲ ಹೊರಲು ಊರಿನವರು ಸಿಗುತ್ತಾರೆ, ದಯವಿಟ್ಟು ಒಬ್ಬರನ್ನು ಕರೆದುಕೊಳ್ಳಿ. ನಿಮ್ಮ ಬೆನ್ನಿಗೂ ಒಳ್ಳೆಯದು, ಅವರ ಮನೆಗೂ. ಊಟದ ಚಿಂತೆ ಬೇಡ, ಬಾಳೆಕಾಯಿ ಬೇಯಿಸಿ ಮಾಡುವ ಮಟೋಕೆ ನಮ್ಮ ಬಾಯಿಗೆ ಒಗ್ಗುತ್ತದೆ. ಚಟ್ನಿಪುಡಿ ಇಟ್ಟುಕೊಳ್ಳಿ.

ಮೂರು ಗಂಟೆ ಹತ್ತಿದ ಮೇಲೆ ರೇಂಜರ್ ಕೈ ಎತ್ತಿ ನಿಲ್ಲಿಸಿದರು. ಮಾಸ್ಕ್ ಹಾಕಿ, 10 ಮೀಟರ್ ದೂರ ನಿಂತು, ಫ್ಲ್ಯಾಶ್ ಇಲ್ಲದೆ ನೋಡಬೇಕು. ಗೊರಿಲ್ಲಾ ಹತ್ತಿರ ಬಂದರೆ ಓಡಬಾರದು, ಸುಮ್ನೆ ತಗ್ಗಿ ಕೂರಬೇಕು. ಬೆನ್ನು ಬೆಳ್ಳಗಾದ ದೊಡ್ಡ ಗಂಡು ಒಂದು ಬಳ್ಳಿಯನ್ನು ಎಳೆದು, ಬುಡ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಮುಷ್ಟಿಯಲ್ಲಿ ಎಲೆಗಳನ್ನೆಲ್ಲ ಒಂದೇ ಸಲ ಸವರಿಕೊಂಡಿತು, ಅಜ್ಜಿ ನುಗ್ಗೆಸೊಪ್ಪು ಬಿಡಿಸುವ ಹಾಗೆಯೇ. ಉಗುರಿನ ಸಂದಿಯಲ್ಲಿ ಮಣ್ಣು ಕಾಣುತ್ತಿತ್ತು. ಮೊದಲ ಹದಿನೈದು ನಿಮಿಷ ಫೋನ್ ಕಿಸೆಯಲ್ಲೇ ಇರಲಿ.

ನಮ್ಮ ಎಂಟರಲ್ಲಿ ಅದನ್ನು ನೋಡಿದ್ದು ಏಳೇ ಜನ. ಮನುಷ್ಯರ ನೆಗಡಿ ಗೊರಿಲ್ಲಾಗಳಿಗೆ ಹರಡುತ್ತದೆ, ಅವುಗಳ ಪ್ರಾಣವನ್ನೇ ತೆಗೆಯಬಹುದು. ಗೇಟಿನಲ್ಲಿ ರೇಂಜರ್ 'ಯಾರಿಗಾದರೂ ಹುಷಾರಿಲ್ಲವಾ' ಎಂದು ಕೇಳಿದಾಗ ಚಿಕ್ಕಮ್ಮ ತಾವಾಗಿಯೇ ಕೈ ಎತ್ತಿದರು. ವಿಮಾನದಲ್ಲಿ ಹಿಡಿದ ನೆಗಡಿ. 'ನನ್ನಿಂದ ಅವಕ್ಕೆ ತೊಂದರೆ ಆಗುವುದು ಬೇಡ ಮಾರಾಯ, ನೀವು ಹೋಗಿ ಬನ್ನಿ' ಅಂದರು. ಎರಡು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದರು. ನೀವು ಹೋಗುವಾಗ ಮುಂಬಯಿಯಿಂದಲೇ ಮಾಸ್ಕ್ ಹಾಕಿಕೊಳ್ಳಿ, ತಲುಪಿದ ಮೇಲೆ ಎರಡು ದಿನ ಖಾಲಿ ಬಿಡಿ, ಟ್ರೆಕ್ಕನ್ನು ಆಮೇಲೆ ಇಟ್ಟುಕೊಳ್ಳಿ. ಈ ಡಿಸೆಂಬರ್‌ಗೆ ಚಿಕ್ಕಮ್ಮನ ಪರ್ಮಿಟ್ ಮತ್ತೆ ಮಾಡಿಸಿದ್ದೇವೆ, ರುಶಾಗದ್ದೇ, ರೂಮೂ ರುಶಾಗದಲ್ಲೇ.