ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ? ಆರ್ಡುಯಿನೊದಲ್ಲೇ ಅಳೆಯಿರಿ

ರೋಬೋಟ್‌ನ ಚಕ್ರ ಗೋಡೆಗೆ ಒತ್ತಿ ನಿಂತಿತು ಎನ್ನಿ. ಮೋಟರ್ ತಿರುಗುವುದಿಲ್ಲ, ಆದರೆ ಕರೆಂಟ್ ಮಾತ್ರ ಏರುತ್ತದೆ. ಸುರುಳಿಯ ರೆಸಿಸ್ಟೆನ್ಸ್ 3 ಓಮ್ ಇರುವ 12 ವೋಲ್ಟ್ ಮೋಟರ್ ಆದರೆ ಲೆಕ್ಕದಲ್ಲಿ 4 ಆಂಪ್. ಮೋಟರ್‌ಗೆ ಕರೆಂಟ್ ಹರಿಸುವ ಬೋರ್ಡ್, ಅಂದರೆ ಡ್ರೈವರ್‌ನಲ್ಲಿ ಒಂದಿಷ್ಟು ವೋಲ್ಟೇಜ್ ಕಳೆದರೂ 3ರ ಆಸುಪಾಸು. ಹವ್ಯಾಸಿಗಳ ಮಾಮೂಲಿ ಡ್ರೈವರ್ ಎಲ್298ಎನ್‌ನ ಒಂದು ಚಾನೆಲ್ ಸತತವಾಗಿ ತಾಳುವುದು 2 ಆಂಪ್ ಅಷ್ಟೇ. ಏನಾದರೂ ಸುಡುವ ಮೊದಲೇ ಗೊತ್ತಾಗಬೇಕು ಅಲ್ವಾ?

ಇದಕ್ಕೆ ಆರ್ಡುಯಿನೊ (ನಾವು ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್) ಜೊತೆಗೆ ಕರೆಂಟ್ ಅಳೆಯುವ ಎಸಿಎಸ್712 ಸೆನ್ಸರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ 5, 20, 30 ಆಂಪ್ ಎಂದು ಮೂರು ಬಗೆ ಇವೆ. ದೊಡ್ಡದೇ ಇರಲಿ ಎಂದು 30 ಆಂಪ್‌ನದು ತರಬೇಡಿ. ಅದು ಒಂದು ಆಂಪ್‌ಗೆ 66 ಮಿಲಿವೋಲ್ಟ್ ಮಾತ್ರ ಕೊಡುತ್ತದೆ, 5 ಆಂಪ್‌ನದು 185 ಕೊಡುತ್ತದೆ, ಹಾಗಾಗಿ ಚಿಕ್ಕ ಬದಲಾವಣೆಯೂ ಚೆನ್ನಾಗಿ ಕಾಣುತ್ತದೆ. ಚಿಪ್ ಮೇಲೆ 05ಬಿ ಎಂದಿದೆಯೇ ನೋಡಿಕೊಳ್ಳಿ.

ವೈರಿಂಗ್ ಸುಲಭ. ಡ್ರೈವರ್‌ನಿಂದ ಮೋಟರ್‌ಗೆ ಹೋಗುವ ಒಂದು ವೈರನ್ನು ಕತ್ತರಿಸಿ, ಎರಡು ತುದಿಗಳನ್ನೂ ಸೆನ್ಸರ್‌ನ ಹಸಿರು ಟರ್ಮಿನಲ್‌ಗೆ ಹಾಕಿ. ಸೆನ್ಸರ್‌ಗೆ ಆರ್ಡುಯಿನೊ ಊನೊದ 5 ವೋಲ್ಟ್ ಮತ್ತು ಗ್ರೌಂಡ್ ಕೊಡಿ. ಔಟ್‌ಪುಟ್ ಎ0 ಪಿನ್‌ಗೆ. ಬ್ಯಾಟರಿ ಕಡೆ ಸೆನ್ಸರ್ ಹಾಕಿದರೂ ಏನೋ ಒಂದು ಅಂಕಿ ಬರುತ್ತದೆ. ಆದರೆ ಪಿಡಬ್ಲ್ಯುಎಂನಲ್ಲಿ (ವಿದ್ಯುತ್ತನ್ನು ಬೇಗಬೇಗ ಆನ್-ಆಫ್ ಮಾಡುವ ವಿಧಾನ) ವೇಗ ತಗ್ಗಿಸಿದಾಗ ಬ್ಯಾಟರಿಯ ಕರೆಂಟೇ ಬೇರೆ, ಮೋಟರ್‌ನ ಕರೆಂಟೇ ಬೇರೆ. ಮೋಟರ್ ಎಷ್ಟು ಕಷ್ಟಪಡುತ್ತಿದೆ ಎಂದು ತಿಳಿಸುವುದು ಎರಡನೆಯದು.

ಸೆನ್ಸರ್ ಆಯಸ್ಕಾಂತ ಕ್ಷೇತ್ರವನ್ನು ಅಳೆದು ಕರೆಂಟ್ ಹೇಳುತ್ತದೆ. ಹಾಗಾಗಿ ಅದನ್ನು ಮೋಟರ್‌ಗೆ ಅಂಟಿಸಿ ಕೂರಿಸಬೇಡಿ. ಮೋಟರ್‌ನೊಳಗೂ ಆಯಸ್ಕಾಂತವಿದೆ.

ಈಗ ಪ್ರೋಗ್ರಾಂ. ಊನೊ 0ರಿಂದ 5 ವೋಲ್ಟನ್ನು 0ರಿಂದ 1023ರ ಅಂಕಿಯಾಗಿ ಓದುತ್ತದೆ, ಕರೆಂಟ್ ಇಲ್ಲದಾಗ ಸೆನ್ಸರ್ ಅದರ ಅರ್ಧ ಕೊಡುತ್ತದೆ. ಹಾಗಾಗಿ ಮೋಟರ್ ಆಫ್ ಇರುವಾಗ ಎ0 ಓದಿದರೆ 512ರ ಹತ್ತಿರದ ಅಂಕಿ ಬರಬೇಕು. 508 ಬಂದರೆ 508 ನಿಮ್ಮ ಸೊನ್ನೆ. ಪ್ರತಿ ಸಲ ಆನ್ ಮಾಡಿದಾಗ, ಮೋಟರ್ ಶುರುವಾಗುವ ಮೊದಲೇ ಅದನ್ನು ಅಳೆದು ಇಟ್ಟುಕೊಳ್ಳಲಿ. ಒಂದು ಅಂಕಿ ಅಂದರೆ ಸುಮಾರು 4.9 ಮಿಲಿವೋಲ್ಟ್, ಆದ್ದರಿಂದ ಒಂದು ಆಂಪ್‌ನ 185 ಮಿಲಿವೋಲ್ಟ್ ಎಂದರೆ ಸುಮಾರು 38 ಅಂಕಿ. ಆಮೇಲಿನ ಓದಿನಿಂದ ಈ ಸೊನ್ನೆಯನ್ನು ಕಳೆದು 38ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 508 ಸೊನ್ನೆಯಾಗಿ 565 ಓದಿದರೆ 57 ಭಾಗ 38, ಅಂದರೆ 1.5 ಆಂಪ್. ಸೊನ್ನೆಗಿಂತ ಕಡಿಮೆ ಬಂದರೆ ಕರೆಂಟ್ ಉಲ್ಟಾ ದಿಕ್ಕಿನಲ್ಲಿದೆ ಎಂದರ್ಥ.

ಯುಎಸ್‌ಬಿಯ 5 ವೋಲ್ಟ್ ನಿಜವಾಗಿ 4.8 ಇದ್ದರೆ? ಚಿಂತೆ ಬೇಡ. ಸೆನ್ಸರ್‌ನ ಔಟ್‌ಪುಟ್ಟೂ ಆರ್ಡುಯಿನೊದ ಅಳತೆಗೋಲೂ ಅದೇ ವೋಲ್ಟೇಜಿನ ಜೊತೆ ಕುಗ್ಗುತ್ತವೆ, 38 ಹಾಗೇ ಉಳಿಯುತ್ತದೆ. ಓದನ್ನು ಮೊದಲು ವೋಲ್ಟ್‌ಗೆ ತಿರುಗಿಸುವ ಗೋಜು ಸುಮ್ನೆ ಯಾಕೆ?

ಒಂದೇ ಓದನ್ನು ಮಾತ್ರ ನಂಬಬೇಡಿ. ಊನೊದ ಪಿಡಬ್ಲ್ಯುಎಂ ಹೆಚ್ಚಿನ ಪಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 490 ಸಲ ಆನ್-ಆಫ್ ಆಗುತ್ತದೆ. ಅದರ ಜೊತೆ ಕರೆಂಟೂ ಕುಣಿಯುತ್ತದೆ. 500 ಓದುಗಳ ಸರಾಸರಿ ತೆಗೆಯಿರಿ, ಹಿಡಿಯುವುದು 56 ಮಿಲಿಸೆಕೆಂಡ್ ಅಷ್ಟೇ. ಪ್ರೋಗ್ರಾಂನಲ್ಲಿ ಮೊತ್ತ ಇಡಲು 'ಇಂಟ್' (int) ಬಗೆಯ ವೇರಿಯಬಲ್ ಬೇಡ, ದೊಡ್ಡ ಅಂಕಿ ಹಿಡಿಯುವ 'ಲಾಂಗ್' (long) ಬಳಸಿ. ಊನೊದಲ್ಲಿ ಇಂಟ್ 32,767ಕ್ಕೇ ತುಂಬಿ ಮೈನಸ್ ಅಂಕಿಗೆ ಜಾರುತ್ತದೆ.

ಒಮ್ಮೆ ಮಲ್ಟಿಮೀಟರನ್ನು 10 ಆಂಪ್ ಸಾಕೆಟ್‌ನಲ್ಲಿ, ಸೀರೀಸ್‌ನಲ್ಲಿ (ಮೋಟರ್‌ನ ಅದೇ ವೈರಿನ ನಡುವೆ) ಹಾಕಿ ಹೋಲಿಸಿ ನೋಡಿ. ಪಿಡಬ್ಲ್ಯುಎಂ ಇಲ್ಲದೆ ಪೂರ್ತಿ ವೇಗದಲ್ಲಿ ಓಡಿಸಿದರೆ ಹೋಲಿಕೆ ಸರಿಯಾಗುತ್ತದೆ.

ಕೊನೆಗೆ ಮಿತಿ ಹಾಕುವುದು. 2 ಆಂಪ್ ದಾಟಿದರೆ ಮೋಟರ್ ಆಫ್ ಎಂದು ಬರೆಯಬಹುದು, ಆದರೆ ಶುರುವಾಗುವ ಕ್ಷಣದಲ್ಲಿ ಎಲ್ಲ ಮೋಟರ್‌ಗಳೂ ಜಾಸ್ತಿ ಎಳೆಯುತ್ತವೆ. ಮೊದಲ 300 ಮಿಲಿಸೆಕೆಂಡ್ ಲೆಕ್ಕಕ್ಕೆ ಹಿಡಿಯಬೇಡಿ. ಭಾರದ ಚಕ್ರವಿದ್ದರೆ ಇನ್ನೂ ಸ್ವಲ್ಪ ಬಿಡಿ.